ಒಂದೇ ಹೆಸರಿನ ಎರಡು ಹುಲ್ಲು

"ನಿನ್ನೆ ಎಡಗೈಯಲ್ಲಿ ಬರೀತಿದ್ಯಂತೆ?"

ಅಕ್ಕನ ಚಿಮುಟ ಗಾಳಿಯಲ್ಲೇ ನಿಂತಿತು. ಅದರ ತುದಿಯ ಒಣ ತೆನೆಯಿಂದ ಎರಡು ಕಾಳು ಮೇಜಿನ ಮೇಲೆ ಉದುರಿದವು.

"ಬಲಗೈ ಉಳುಕಿತ್ತು, ಸರ್."

"ಒಂದೇ ದಿನಕ್ಕೆ ವಾಸಿ ಆಯ್ತಾ?"

"ಎಣ್ಣೆ ತಿಕ್ಕಿದೆ."

"ಒಳ್ಳೇ ಎಣ್ಣೆ," ಎಂದರು ಹುಲ್ಲಜ್ಜ, ಭೂತಗನ್ನಡಿಯಿಂದ ಕಣ್ಣೆತ್ತದೆ.

ಸಸ್ಯ ಸಂಗ್ರಹಾಲಯದ ಮೂರನೆಯ ಮಹಡಿಯಲ್ಲಿ ಕಾಡುಹುಲ್ಲುಗಳ ವಿಭಾಗ. ಕೆಲಸಕ್ಕೆ ಇಬ್ಬರೇ: ಮೂವತ್ತು ವರ್ಷಗಳಿಂದ ಅದನ್ನು ಕಾಯುತ್ತಿದ್ದ ಹುಲ್ಲಜ್ಜ, ಎಂಟು ತಿಂಗಳ ಹಿಂದೆ ಸೇರಿದ ಸಹಾಯಕಿ. ಕಾಗದದ ಪ್ರಕಾರ ಇಬ್ಬರೇ.

ನಿಜದಲ್ಲಿ ಆ ಸಹಾಯಕಿ ಎಂದರೆ ಅವಳಿ ಅಕ್ಕತಂಗಿ. ಹನ್ನೊಂದು ನಿಮಿಷ ದೊಡ್ಡವಳು ಅಕ್ಕ. ಒಂದು ಹುದ್ದೆಗೆ ಇಬ್ಬರೂ ಅರ್ಜಿ ಹಾಕಿದ್ದರು, ಸಿಕ್ಕಿದ್ದು ಅಕ್ಕನಿಗೆ. ತಂಗಿ ಒಂದು ದಿನ ಮುಖ ಊದಿಸಿಕೊಂಡು ಕೂತಳು. ಮಾರನೆಯ ದಿನ ಅಕ್ಕ ಏಳುವ ಮೊದಲೇ ಅವಳ ಕೋಟು ತೊಟ್ಟು, ಗುರುತಿನ ಚೀಟಿ ನೇತುಹಾಕಿಕೊಂಡು ಹೊರಟೇಬಿಟ್ಟಳು. ಯಾರಿಗೂ ಗೊತ್ತಾಗಲಿಲ್ಲ. ಅಂದಿನಿಂದ ದಿನ ಬಿಟ್ಟು ದಿನ ಒಬ್ಬೊಬ್ಬರು. ಹುಲ್ಲೆಂದರೆ ಇಬ್ಬರಿಗೂ ಪ್ರಾಣ.

ನಾಳೆ ಹುದ್ದೆ ಕಾಯಂ ಆಗಬೇಕಿತ್ತು. ಹುಲ್ಲಜ್ಜ ಸಹಿ ಹಾಕಿದರೆ ಜೀವನಪೂರ್ತಿ ಹುಲ್ಲು. ಹಾಕದಿದ್ದರೆ ಇಬ್ಬರೂ ಮನೆಗೆ.

"ಇಲ್ನೋಡಮ್ಮ." ಹುಲ್ಲಜ್ಜ ಒಂದು ಕಟ್ಟನ್ನು ಮುಂದೆ ತಳ್ಳಿದರು. "ಇಪ್ಪತ್ತು ಹಾಳೆ ಒಣಹುಲ್ಲು. ಎಲ್ಲದಕ್ಕೂ ಒಂದೇ ಹೆಸರಿನ ಚೀಟಿ. ಒಳಗಿರೋದು ಮಾತ್ರ ಎರಡು ಬಗೆ. ಎತ್ತರ ಒಂದೇ, ತೆನೆ ಒಂದೇ. ಹೇಗೆ ಕಂಡುಹಿಡೀತೀಯ?"

"ಕಿವಿ ನೋಡ್ತೀನಿ, ಸರ್."

ಎಲೆ ಕಾಂಡವನ್ನು ತಬ್ಬುವ ಕಡೆ ಈ ಹುಲ್ಲುಗಳಿಗೆ ಒಂದು ಜೊತೆ ಪುಟ್ಟ ಕಿವಿಗಳು. ಒಂದು ಬಗೆಯ ಕಿವಿಯಲ್ಲಿ ಸಣ್ಣ ಕೂದಲು. ಇನ್ನೊಂದರದು ಬೋಳು. ಅದು ಬಿಟ್ಟರೆ ಹೆತ್ತ ತಾಯಿಗೂ ಗೊತ್ತಾಗದಷ್ಟು ಹೋಲಿಕೆ.

"ಭೇಷ್. ಮನೆಗೆ ತಗೊಂಡ್ಹೋಗಿ ನಿಧಾನವಾಗಿ ನೋಡು. ನಾಳೆ ಬೆಳಿಗ್ಗೆ ಎರಡನ್ನೂ ತಂದು ನನ್ನ ಮುಂದೆ ನಿಲ್ಸು. ಆಮೇಲೆ ಸಹಿ."

"ನಿಲ್ಸೋದಾ, ಸರ್?"

"ಇಡು ಅಂದೆ."

ಸಂಜೆ ತಂಗಿ ಕೋಟಿಗೆ ಇಸ್ತ್ರಿ ಹಾಕುತ್ತಿದ್ದಳು. ಅಕ್ಕ ಎರಡು ಚೂರು ಹತ್ತಿಯನ್ನು ಕಿವಿಗೆ ತುರುಕಿಕೊಂಡು, ಬೆನ್ನು ಬಗ್ಗಿಸಿ, ನಡೆದದ್ದನ್ನೆಲ್ಲ ಹುಲ್ಲಜ್ಜನ ದನಿಯಲ್ಲೇ ಆಡಿ ತೋರಿಸಿದಳು.

"ಹತ್ತಿ ಯಾಕೇ?"

"ಅವರ ಥರ ಕಾಣೋಕೆ."

"ಒಂಚೂರೂ ಕಾಣ್ತಿಲ್ಲ," ಎಂದು ತಂಗಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಆಮೇಲೆ ನಗು ನಿಂತಿತು. "ಇರು. 'ಬರೀತಿದ್ಯಂತೆ' ಅಂದ್ರಾ? 'ಅಂತೆ' ಯಾಕೆ? ನಾನು ಬರೆಯುವಾಗ ಎದುರಿಗೆ ಕೂತಿದ್ದೋರು ಅವರೇ."

"ವಯಸ್ಸಾಯ್ತು ಕಣೇ. ಚಹಾಕ್ಕೆ ಸಕ್ಕರೆ ಬೇಕೋ ಬೇಡವೋ ಅನ್ನೋದೇ ನೆನಪಿರಲ್ಲ ಅವರಿಗೆ."

ಅದೂ ನಿಜ. ಒಬ್ಬಳಿಗೆ ಹೇಳಿದ್ದು ಇನ್ನೊಬ್ಬಳಿಗೆ ಗೊತ್ತಿರಲೆಂದು ಇಬ್ಬರೂ ದಿನಚರಿ ಬರೆದಿಡುತ್ತಿದ್ದರು. ಅಕ್ಕನ ಪುಟಗಳಲ್ಲಿ 'ಚಹಾ: ಸಕ್ಕರೆ ಬೇಡ'. ತಂಗಿಯ ಪುಟಗಳಲ್ಲಿ 'ಎರಡು ಚಮಚ, ಮೇಲೆ ಇನ್ನರ್ಧ'.

"ಸಕ್ಕರೆ ಮರೆತಿರಬಹುದು. ನಮ್ಮನ್ನ ಮಾತ್ರ ಪತ್ತೆ ಹಚ್ಚಿದ್ದಾರೆ," ಎಂದಳು ತಂಗಿ. "ಎರಡನ್ನೂ ತಂದು ನಿಲ್ಸು ಅಂದದ್ದು ಹುಲ್ಲಿಗಲ್ಲ."

ಅಕ್ಕ ಕಿವಿಯಿಂದ ಹತ್ತಿ ಕಿತ್ತಳು. "ಹಾಗಾದ್ರೆ ಇಬ್ಬರೂ ಹೋಗೋಣ. ನಾವೇ ಒಪ್ಪಿಕೊಂಡುಬಿಡೋಣ. ಬೈಗುಳ ಅರ್ಧರ್ಧ."

"ನೀನು ಹನ್ನೊಂದು ನಿಮಿಷ ದೊಡ್ಡವಳು. ಸ್ವಲ್ಪ ಜಾಸ್ತಿ ತಗೋ."

ಬೆಳಿಗ್ಗೆ ಇಬ್ಬರೂ ಕೋಟಿಲ್ಲದೆ ಹೊರಟರು. ಕೂದಲಿದ್ದ ಹುಲ್ಲಿನ ಕಟ್ಟು ಅಕ್ಕನ ಕೈಯಲ್ಲಿ, ಬೋಳು ಹುಲ್ಲಿನದು ತಂಗಿಯ ಕೈಯಲ್ಲಿ. ಗೇಟಿನ ಕಾವಲುಗಾರ ಇವಳನ್ನು ನೋಡಿದ, ಅವಳನ್ನು ನೋಡಿದ, ಕನ್ನಡಕ ತೆಗೆದು ಒರೆಸಿಕೊಂಡ.

"ಬೆಳಿಗ್ಗೆಯಿಂದ ಇದು ಎರಡನೇ ಸಲ," ಎಂದು ಗೊಣಗಿದ.

ಮೂರನೆಯ ಮಹಡಿಯ ಬಾಗಿಲು ತೆರೆದೇ ಇತ್ತು. "ಸರ್, ನಮ್ಮದು ತಪ್ಪಾಯ್ತು..." ಎಂದು ಶುರುಮಾಡಿದ ಅಕ್ಕ ತಲೆಯೆತ್ತಿದಳು. ಮೇಜಿನ ಮೇಲೆ ಸಹಿಯಾದ ಕಾಗದವಿತ್ತು. ಅದರ ಪಕ್ಕದಲ್ಲಿ ಎರಡು ಲೋಟ ಚಹಾ. ಸಕ್ಕರೆ ಡಬ್ಬಿ ಒಂದರ ಹತ್ತಿರ ಮಾತ್ರ.

"ನಾನು ಹೇಳಿರ್ಲಿಲ್ವಾ ಅಣ್ಣಾ, ಇವರೂ ಇಬ್ಬರೇ ಅಂತ?" ಎಂದರು ಹುಲ್ಲಜ್ಜ.

"ಹೌದಪ್ಪ, ಗೆದ್ದೆ ನೀನು," ಎಂದರು ಹುಲ್ಲಜ್ಜ.

ಒಬ್ಬರ ಕಿವಿಯಲ್ಲಿ ಕೂದಲಿತ್ತು, ಇನ್ನೊಬ್ಬರದು ಬೋಳು.