ಐದನೆಯ ಹೆಗ್ಗುರುತು

ಹೊರಗಿನಿಂದ ಯಾರೋ ಬಾಗಿಲಿಗೆ ಕೀಲಿ ತಿರುಗಿಸುತ್ತಿದ್ದರು. ದೋಸೆ ಹುಯ್ಯುತ್ತಿದ್ದ ವಿನುತಾ ಒಲೆ ಆರಿಸಿ ಓಡಿಬಂದು ತೆರೆದರೆ, ಹನ್ನೊಂದನೇ ಮಹಡಿಯ ಲಿಮ್ ಅಂಕಲ್! ಒಂದು ಕೈಯಲ್ಲಿ ಸೊಪ್ಪಿನ ಚೀಲ, ಇನ್ನೊಂದರಲ್ಲಿ ಕೀಲಿಗೊಂಚಲು.

“ನನ್ನ ಮನೇಲಿ ನೀನೇನಮ್ಮಾ ಮಾಡ್ತಿದ್ದೀಯ?” ಎಂದು ಅವರೇ ಇಂಗ್ಲಿಷಿನಲ್ಲಿ ಕೇಳಿದರು.

“ದೋಸೆ ಮಾಡ್ತಿದ್ದೀನಿ ಅಂಕಲ್. ನಿಮ್ಮನೆ ಕೆಳಗಡೆ, ಇದು ಹನ್ನೆರಡನೇ ಫ್ಲೋರ್.”

ಅಂಕಲ್ ಹೊಸ್ತಿಲು ನೋಡಿದರು. “ಮತ್ತೆ ಹೂವೆಲ್ಲಿ?”

ಅವರು ಹೂವೆನ್ನುತ್ತಿದ್ದುದು ವಿನುತಾ ದಿನಾ ಹೊಸ್ತಿಲಿಗೆ ಹಾಕುವ ರಂಗೋಲಿಗೆ; ಅದರ ಪುಡಿ ಇವತ್ತು ಒಳಗೆ, ಮಗಳು ಸಮೃದ್ಧಿಯ ಚಾರ್ಟಿನ ಮೇಲಿತ್ತು. ನಾಳೆ ಅವಳು ಕ್ಲಾಸಿನಲ್ಲಿ ತಮ್ಮ ಬಡಾವಣೆ ಪುಂಗೋಲ್‌ನ ಚರಿತ್ರೆ ಹೇಳಿ, ಐದು ಹೆಗ್ಗುರುತು ತೋರಿಸಬೇಕು. ವಾಟರ್‌ವೇ ಕಾಲುವೆ, ದೋಣಿಕಟ್ಟೆ, ಎಲ್‌ಆರ್‌ಟಿ ರೈಲು, ತಿಂಡಿ ಅಂಗಡಿಗಳ ಹಾಕರ್ ಸೆಂಟರ್ ಬರೆದಾಗಿತ್ತು. ಐದನೆಯದು ಅವರವರ ಅಪಾರ್ಟ್‌ಮೆಂಟ್ ಬ್ಲಾಕಿನದೇ ಇರಬೇಕೆಂದು ಟೀಚರ್ ಹೇಳಿದ್ದರು. “ನಮ್ಮ ಬ್ಲಾಕ್ ವಯಸ್ಸಲ್ಲಿ ನನಗಿಂತ ಚಿಕ್ಕದು ಅಮ್ಮಾ! ಅದಕ್ಕೆಲ್ಲಿಂದ ಹಿಸ್ಟರಿ ತರ್ಲಿ?” ಎಂದು ಬೆಳಗಿನಿಂದ ಮುಖ ಊದಿಸಿಕೊಂಡಿದ್ದಳು. ವಾಟರ್‌ವೇ ಹರಿಸಲೆಂದು ಅಮ್ಮನ ರಂಗೋಲಿ ಡಬ್ಬಿಯನ್ನೂ ಪೂರ್ತಿ ಗೋಂದಿಗೆ ಸುರಿದಿದ್ದಳು. ಹಾಗಾಗಿ ಇವತ್ತು ಹೊಸ್ತಿಲು ಬರಿದು.

ಅಂಕಲ್ ನಗುತ್ತ ಒಳಬಂದು ಕುಳಿತರು. “ಲಿಫ್ಟಿನಲ್ಲಿ ಜೊತೆಗಿದ್ದವರು ಇಳಿದ ಕಡೆ ನಾನೂ ಇಳಿದುಬಿಡ್ತೀನಿ. ಎಲ್ಲಾ ಬಾಗಿಲೂ ಒಂದೇ ಥರ. ಹೂವು ಕಂಡ್ರೆ, ಇದು ನಂದಲ್ಲ, ಒಂದು ಮಹಡಿ ಇಳಿ ಅಂತ ಲೆಕ್ಕ.” ದೋಸೆಯ ತಟ್ಟೆ ಬಂದಿತು. “ನಾನು ಹುಟ್ಟಿದ್ದು ಇಲ್ಲೇ. ಆಗಿದು ಹಳ್ಳಿ, ಮನೆಗಳಿಗೆ ನಂಬರೇ ಇರಲಿಲ್ಲ. ಹಲಸಿನ ಮರ ದಾಟಿ ಎಡಕ್ಕೆ ತಿರುಗಿದ್ರೆ ನಮ್ಮಪ್ಪನ ಹಂದಿಗೂಡು, ಅದರ ಪಕ್ಕ ಮನೆ. ಕಣ್ಣು ಮುಚ್ಚಿಕೊಂಡೂ ಹೋಗ್ತಿದ್ದೆ. ಮೂಗು ಸಾಕಿತ್ತು!”

ಸಮೃದ್ಧಿ ಕಿಲಕಿಲ ನಕ್ಕಳು. ಥಟ್ಟನೆ ಎದ್ದು ಕುಳಿತಳು. “ಅಮ್ಮಾ, ಸಿಕ್ತು!”

“ಏನೇ, ಹಲಸಿನ ಮರಾನಾ?”

“ಅಯ್ಯೋ, ಅದು ಹಿಸ್ಟರಿ. ಹೆಗ್ಗುರುತು ಬೇರೆ. ನೀನು ದೋಸೆ ಹಾಕು.”

ಅಂಕಲ್ ಮೂರನೆಯ ದೋಸೆಗೆ ತಟ್ಟೆ ಒಡ್ಡುವಷ್ಟರಲ್ಲಿ ಅವಳು ಬರೆದು ಮುಗಿಸಿದ್ದಳು. ವಿನುತಾ ಸೌಟು ಹಿಡಿದೇ ಬಗ್ಗಿ ಓದಿದಳು:

‘ಐದು: ಹನ್ನೆರಡನೇ ಮಹಡಿಯ ರಂಗೋಲಿ. ಕಟ್ಟಿದವರು: ನಮ್ಮಮ್ಮ. ಕಟ್ಟಿದ ಕಾಲ: ದಿನಾ ಬೆಳಿಗ್ಗೆ ಏಳು ಗಂಟೆ.’