ರಕ್ತ ಕೇಳಲು ಬಂದ ಡಾಕ್ಟರು

ಡಾಕ್ಟರ್ ಚನ್ನೇಶ ಪರದೆಯ ಮೇಲೆ ಮೂರನೆಯ ಚಿತ್ರ ಮೂಡಿಸುವಷ್ಟರಲ್ಲಿ ಅಧ್ಯಕ್ಷೆ ಹೊನ್ನವ್ವ ಬಾಯಿ ತುಂಬ ಆಕಳಿಸಿದರು. ಅವನು ಗಡಬಡಿಸಿ ನಾಲ್ಕನೆಯದಕ್ಕೆ ಹಾರಿದ.

ಸವಣೂರು ಸೀಮೆಯ ಹದಿಹರೆಯದವರ ರಕ್ತಹೀನತೆಯ ಮೇಲೆ ಸಂಶೋಧನೆ ಮಾಡಲು ಅವನಿಗೆ ಅನುದಾನ ಬೇಕಿತ್ತು. ಬೆಂಗಳೂರಿನ ಪಂಡಿತರೆಲ್ಲ ಸೈ ಎಂದಿದ್ದರು. ಉಳಿದದ್ದು ಯಲವಿಗಿಯ ಈ ಮೂವರ ಸಮಿತಿ. ಇವರು ಒಲ್ಲೆ ಎಂದರೆ ಎರಡು ವರ್ಷದ ಓಡಾಟವೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ. ಮಕ್ಕಳ ಕಷ್ಟ ಇವರಿಗೆ ತಿಳಿದಷ್ಟು ಯಾರಿಗೂ ತಿಳಿಯದು ಎಂಬುದು ಅನುದಾನ ಕೊಡುವ ಸಂಸ್ಥೆಯ ನಂಬಿಕೆ. ಸಮಿತಿಯವರಿಗೆ ಬಹುವಚನ ತಪ್ಪಬಾರದೆಂದು ಸಂಸ್ಥೆಯವರು ಬೇರೆ ತಾಕೀತು ಮಾಡಿದ್ದರು.

"ಸೂಜಿ ಚುಚ್ಚತೀರೇನ್ರಿ?" ಕೇಳಿದವರು ಫಕ್ಕೀರಪ್ಪನವರು. ಹಲ್ಲೊಂದು ಬಿದ್ದ ಸಂದಿಯಲ್ಲಿ ಮಾತು ಸುಯ್ ಎನ್ನುತ್ತಿತ್ತು.

"ಒಂದ ಸಲ ರೀ. ಇರಿವಿ ಕಡದಂಗ ಅಷ್ಟ."

"ಹೋದಸಲ ಬಂದವರೂ ಹಂಗ ಅಂದಿದ್ರು. ಚುಚ್ಚಿ ಹ್ವಾದ್ರು. ರಕ್ತ ಎಷ್ಟೈತಿ ಅಂತ ನಮಗ್ಯಾರೂ ಹೇಳಲಿಲ್ಲ."

ಚನ್ನೇಶನಿಗೆ ನಾಚಿಕೆಯಾಯಿತು. ಅವನ ದಪ್ಪ ಯೋಜನೆಯಲ್ಲೂ ಆ ಮಾತಿರಲಿಲ್ಲ.

"ನಾ ಹೇಳ್ತೇನ್ರಿ. ಒಬ್ಬೊಬ್ಬರನ್ನೂ ಕುಂದರಿಸಿ ಹೇಳ್ತೇನಿ."

ಕುರ್ಚಿಯ ಮೇಲೆ ಕಾಲು ಮಡಚಿ ಕೂತಿದ್ದ ಕುತುಬುದ್ದೀನ ಸಾಹೇಬರು ಅಧ್ಯಕ್ಷೆಯ ಕಿವಿಯಲ್ಲಿ ಏನೋ ಊದಿದರು. ಹೊನ್ನವ್ವ ತಲೆಯಾಡಿಸಿದರು.

"ಮೊದಲ ನಿಮ್ಮ ಬೆರಳಿಗೆ ಚುಚ್ಕೋರಿ, ನೋಡೂಣು."

ಬೇರೆ ದಾರಿ ಇರಲಿಲ್ಲ. ಊರಿನವರಿಗೆಲ್ಲ ಸೂಜಿ ಹಾಕುವ ಡಾಕ್ಟರ್ ತನ್ನ ಬೆರಳಿಗೆ ಹಾಕಿಕೊಂಡು "ಅಯ್ಯಪ್ಪಾ!" ಎಂದ. ಸಮಿತಿಯ ಗಾಂಭೀರ್ಯ ಮಣ್ಣುಪಾಲಾಯಿತು. ಮೂವರೂ ಬಿದ್ದು ಬಿದ್ದು ನಕ್ಕರು. ಆ ಹನಿ ರಕ್ತ ಅಳೆದ ಅಂಗೈಯಗಲದ ಯಂತ್ರ ಅವನಿಗೂ ರಕ್ತ ಕಡಿಮೆ ಎಂದೇ ತೋರಿಸಿತು.

"ಮೆಂತೆ, ಪಾಲಕ ತಪ್ಪಲ ಪಲ್ಲೆ ತಿನ್ರಿ, ಡಾಕ್ಟರ್ರ," ಹೊನ್ನವ್ವ ಕಣ್ಣೊರೆಸಿಕೊಂಡರು. "ನಮ್ಮದು ಹೂಂ ಐತಿ. ಆದ್ರ ಯಾರದ ರಕ್ತ ಎಷ್ಟೈತಿ ಅನ್ನೂದು ಮೊದಲ ಅವರಿಗೇ ಗೊತ್ತಾಗಬೇಕ್ರಿ. ಬೆಂಗಳೂರಿಗೆ ಆಮ್ಯಾಲೆ."

ಚನ್ನೇಶ ಎರಡೂ ಕೈ ಜೋಡಿಸಿದ. ಯೋಜನೆಯ ಅಂಚಿಗೆ ಆ ಮಾತನ್ನು ಬರೆದುಕೊಂಡ.

ಅಷ್ಟರಲ್ಲಿ ಗಂಟೆ ಬಾರಿಸಿತು. ತೀರಿಹೋದ ಅಜ್ಜಿಯ ಹೆಸರಿನ ಹೊನ್ನವ್ವ, ಅಜ್ಜಂದಿರ ಹೆಸರಿನ ಫಕ್ಕೀರಪ್ಪ, ಕುತುಬುದ್ದೀನ, ಏಳನೆಯ ತರಗತಿಯ ಆ ಮೂವರೂ ತಟ್ಟೆ ಎತ್ತಿಕೊಂಡು ಬಿಸಿಯೂಟದ ಸಾಲಿಗೆ ಓಟ ಕಿತ್ತರು.