ನಾಲ್ಕು ತಾಟಿನ ಬಿಸಿಲು

ಊರಿನ ಕಟ್ಟಡಗಳು ಮುಗಿಲು ಮುಟ್ಟಿದ ಮೇಲೆ ಬಿಸಿಲು ಉಳಿದದ್ದು ಅರವತ್ತನೇ ಮಹಡಿಯ ಮಾಳಿಗೆಗಳ ಮೇಲೆ ಮಾತ್ರ. ನಗರಸಭೆ ಅದನ್ನು ತುಂಡು ತುಂಡಾಗಿ, ಬಿದ್ದ ಬಿಸಿಲನ್ನು ಅಳೆದು ಬಾಡಿಗೆಗೆ ಕೊಡುತ್ತಿತ್ತು. ಶಿವಗಂಗವ್ವನ ಎಂಟಡಿ ತುಂಡಿನಲ್ಲಿ ಮೆಂತ್ಯದ ಸೊಪ್ಪು ಬೆಳೆಯುತ್ತಿತ್ತು. ಈ ಸಲ ಬಾಡಿಗೆ ದುಪ್ಪಟ್ಟಾಗಿತ್ತು. ಅಷ್ಟು ಕೊಡುವುದೆಂದರೆ ಮೆಂತ್ಯ ಬಿಡಬೇಕು, ಇಲ್ಲವೇ ಊಟ ಬಿಡಬೇಕು. ಸೂರ್ಯನೇನು ಇವರಪ್ಪನ ಆಸ್ತಿಯೇ ಎಂದು ಅವಳು ಮನೆಯೊಳಗೆ ಬೈದಳು. ಕಚೇರಿಗೆ ಹೋಗಿ ಮಾತ್ರ ತಣ್ಣಗೆ ತಕರಾರು ಅರ್ಜಿ ಕೊಟ್ಟಳು.

ಮೂರನೇ ವಾರ ಅಳತೆಯ ಸಾಹೇಬರು ಬಿಸಿಲಿನ ಮೀಟರ್ ಹಿಡಿದು ಬಂದರು.

"ಹೋದ ಸಲ ಅಳದಾಗ ಬಿಸಲು ಭಾಳ ಇತ್ತಲ್ಲ ಯವ್ವಾ?"

"ಅವತ್ತ ನಾಕು ತಾಟು ತಿಕ್ಕಿ ಒಣಗಾಕ ಇಟ್ಟಿದ್ನಿರೀ ಸಾಹೇಬ್ರ. ಅವುಗಳ ಹೊಳಪು ನಿಮ್ಮ ಮೀಟರಿಗೆ ಬಡದೈತಿ. ಈಗ ಒಳಗಿಟ್ಟೇನಿ, ಅಳೀರಿ."

ಸಾಹೇಬರು ಮೀಟರನ್ನು ಸೊಪ್ಪಿನ ನಡುವೆ ಇಟ್ಟರು. ಅಳತೆ ಮುಗಿಯಲು ಕಾಲು ಗಂಟೆ ಬೇಕಿತ್ತು. ಅವರ ಮನೆ, ಕಚೇರಿ ಎರಡೂ ಕೆಳಗಿನ ಕತ್ತಲ ಮಹಡಿಗಳಲ್ಲಿದ್ದವು. ಬಿಸಿಲಿಗೆ ಬೆನ್ನು ಕೊಟ್ಟು, ಕಣ್ಣು ಮುಚ್ಚಿ ನಿಂತೇಬಿಟ್ಟರು. ಅವರ ಅಗಲವಾದ ನೆರಳು ಮೀಟರಿನ ಮೇಲೆ ಬಿತ್ತು.

ಶಿವಗಂಗವ್ವ ಅದನ್ನು ನೋಡಿದಳು. ಹೇಳಲು ಹೋದವಳು ಬಗ್ಗಿ ಸೊಪ್ಪಿನ ಕಳೆ ಕೀಳತೊಡಗಿದಳು.

ಮೀಟರ್ ಕೂಗಿತು. ಸಾಹೇಬರು ಬಗ್ಗಿ ಅಂಕಿ ನೋಡಿದರು.

"ನೀ ಹೇಳಿದ್ದು ಖರೇ ಐತಿ ಬಿಡವ್ವಾ. ಇಲ್ಲಿ ಬಿಸಲೇ ಇಲ್ಲ," ಎಂದು ಕತ್ತಿನ ಬೆವರು ಒರೆಸಿಕೊಳ್ಳುತ್ತ ಹಳೇ ಬಾಡಿಗೆಯನ್ನೇ ಬರೆದರು.